ಬೆಂಗಳೂರಿನವರು ನಮ್ಮ ಕಡೆ ಏನು ನೋಡಲು ಬರುತ್ತಾರೆ?

ಶನಿವಾರ, ಭಾನುವಾರ ನಸುಕಿನ ನಾಲ್ಕೂವರೆಗೆ ಬಳ್ಳಾರಿ ರಸ್ತೆಯ ಪಕ್ಕ ನಿಂತರೆ ದೀಪಗಳ ಸಾಲು ಕಾಣುತ್ತದೆ. ಹೆಬ್ಬಾಳದ ಫ್ಲೈಓವರ್ ಇಳಿದು, ಯಲಹಂಕ ದಾಟಿ, ಸಾದಹಳ್ಳಿ ಟೋಲ್ ಕಟ್ಟಿ, ದೇವನಹಳ್ಳಿ ಬಿಟ್ಟ ಮೇಲೆ ಎಡಕ್ಕೆ ನಂದಿ ಬೆಟ್ಟದ ಕಡೆ ತಿರುಗುವ ಕಾರುಗಳು, ಬೈಕುಗಳು. ಅದೇ ಹೊತ್ತಿಗೆ ನಮ್ಮ ಕಡೆ ಊರುಗಳಲ್ಲಿ ಹಾಲು ಕರೆಯಲು ಎದ್ದಿರುತ್ತಾರೆ. ಡೈರಿಗೆ ಕ್ಯಾನ್ ಹಿಡಿದು ಹೋಗುವವರು ರಸ್ತೆ ದಾಟಲು ಎರಡು ನಿಮಿಷ ಕಾಯಬೇಕು. ಕಾಯುವಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಇಷ್ಟೊತ್ತಿನಲ್ಲಿ ನಿದ್ದೆ ಬಿಟ್ಟು ಏನು ನೋಡೋಕೆ ಬರ್ತಾರಪ್ಪಾ ಇವರು?"

ನಾವು ತಮಾಷೆಗೆ ಕೇಳುವ ಈ ಪ್ರಶ್ನೆಯ ಉತ್ತರದ ಮೇಲೆ ಈಗ ದೊಡ್ಡ ದುಡ್ಡು ನಿಂತಿದೆ. ಉತ್ತರ ಗೊತ್ತಿದ್ದವರು ನಮ್ಮ ಊರುಗಳಲ್ಲಿ ಜಮೀನು ಹುಡುಕುತ್ತಿದ್ದಾರೆ. ಈ ಬರಹ ಓದುತ್ತಿರುವ ನಿಮ್ಮಲ್ಲಿ ಅನೇಕರ ಊರಿನ ಪಕ್ಕವೂ ಒಂದು ರಿಸಾರ್ಟ್ ಬಂದಿರಬಹುದು, ಇಲ್ಲವೇ ಬರುವುದರಲ್ಲಿರಬಹುದು.

ನನಗೆ ಇದು ಸುದ್ದಿಯಷ್ಟೇ ಆಗಿ ಉಳಿಯಲಿಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಬೆಟ್ಟದ ಬುಡದಲ್ಲಿ ಎರಡು ಎಕರೆ ದ್ರಾಕ್ಷಿ ತೋಟ ಇದೆ. ಬೆಂಗಳೂರು ಬ್ಲೂ ತಳಿ. ತೋಟದ ತುದಿಯಲ್ಲಿ ನಿಂತರೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆರೆ. ಆ ನೋಟ ನೋಡಿಯೇ ಸಿಟಿಯ ಇಬ್ಬರು ಬಂದು, ಬಹಳ ವರ್ಷಗಳ ಲೀಸಿಗೆ ಕೊಡಿ ಎಂದರು. ಹದಿನೈದು ಕಾಟೇಜು, ಒಂದು ಈಜುಕೊಳ, ಒಂದು ಊಟದ ಹಾಲ್. ಅಣ್ಣ ನನ್ನನ್ನು ಕರೆದು ಹೇಳಿದ: "ನೀನು ಪೇಪರ್‌ನವನು, ನಾಲ್ಕು ಜನರನ್ನ ಮಾತಾಡಿಸ್ತೀಯ. ಇಲ್ಲಿ ಏನಿದೆ ಅಂತ ಅವರು ದುಡ್ಡು ಹಾಕ್ತಾರೆ? ಅದನ್ನ ತಿಳ್ಕೊಂಡು ಬಾ. ಆಮೇಲೆ ನಾನು ಹೂಂ ಅನ್ಬೇಕೋ ಬ್ಯಾಡ್ವೋ ನೋಡೋಣ."

ನಾಲ್ಕು ಭಾನುವಾರ ಬೆಟ್ಟದ ಕೆಳಗಿನ ಟೀ ಅಂಗಡಿಗಳ ಹತ್ತಿರ, ಭೋಗನಂದೀಶ್ವರ ದೇವಸ್ಥಾನದ ಮುಂದೆ, ಎರಡು ರಿಸಾರ್ಟ್‌ಗಳ ಗೇಟಿನ ಹೊರಗೆ ನಿಂತು ಬಂದವರನ್ನು ಮಾತಾಡಿಸಿದೆ. ಅವರು ಹೇಳಿದ್ದನ್ನು ಇಲ್ಲಿ ಒಂದೊಂದಾಗಿ ಇಡುತ್ತೇನೆ.

ಮೊದಲ ಉತ್ತರ ಎಲ್ಲರದ್ದೂ ಒಂದೇ. "ಹತ್ತಿರ ಇದೆ." ಬೆಂಗಳೂರಿನಿಂದ ನಂದಿಗೆ ಸುಮಾರು 60 ಕಿಲೋಮೀಟರ್. ಯಲಹಂಕದವರಿಗೆ ಅದಕ್ಕಿಂತಲೂ ಕಡಿಮೆ. ಆದರೆ ಅವರು ಲೆಕ್ಕ ಹಾಕುವುದು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ. ಹೆಬ್ಬಾಳದ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಚೆನ್ನಾಗಿ ಹೇಳಿದ: "ಸರ್, ಕೊಡಗಿಗೆ ಹೋದ್ರೆ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ನನಗಿರೋದೇ ಎರಡು ದಿನ. ಇಲ್ಲಿಗೆ ಬಂದ್ರೆ ಸೋಮವಾರ ಲಾಗಿನ್ ಆಗೋಕೆ ತೊಂದರೆ ಇಲ್ಲ." ಅಂದರೆ ನಮ್ಮ ಜಾಗದ ಮೊದಲ ಆಕರ್ಷಣೆ ಅವನ ಸೋಮವಾರ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆ ಅಗಲವಾಯಿತು, ಮೇಲ್ಸೇತುವೆ ಬಂತು. ಆ ರಸ್ತೆ ಮಾಡಿದ್ದು ವಿಮಾನ ಹತ್ತುವವರಿಗೆ. ಅದರಿಂದ ಬೆಟ್ಟವೂ ಊರಿಗೆ ಹತ್ತಿರವಾಯಿತು. ನಮ್ಮ ಎಕರೆಯ ಬೆಲೆಯೂ ಅದೇ ರಸ್ತೆಯಲ್ಲಿ ಬಂತು.

ಯಶವಂತಪುರದಿಂದ ಬಂದಿದ್ದ ನಾಲ್ಕು ಹುಡುಗರು ರೈಲಿನ ವಿಷಯ ಹೇಳಿದರು. ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಲೈನ್ ನೂರು ವರ್ಷಕ್ಕಿಂತ ಹಳೆಯದು. ಮೊದಲು ಅದು ನ್ಯಾರೋಗೇಜ್ ಆಗಿತ್ತು. ಬೆಟ್ಟದ ಹತ್ತಿರದ ಪುಟ್ಟ ನಿಲ್ದಾಣದ ಹೆಸರೇ ನಂದಿ ಹಾಲ್ಟ್. ಹೆಂಚಿನ ಮಾಡು, ದಪ್ಪ ಗೋಡೆ, ಸುತ್ತ ಮರ. ಪಾರಂಪರಿಕ ಕಟ್ಟಡ ಎಂದು ಅದನ್ನು ಸರಿಪಡಿಸಿದ್ದಾರೆ. "ಟ್ರೈನಲ್ಲಿ ಬಂದ್ರೆ ಖರ್ಚೇ ಇಲ್ಲ ಅಣ್ಣ" ಎಂದರು ಹುಡುಗರು. ಅವರ ದುಡ್ಡು ರಿಸಾರ್ಟಿಗೆ ಹೋಗುವುದಿಲ್ಲ. ಜೋಳ ಸುಡುವವರಿಗೆ, ಟೀ ಅಂಗಡಿಗೆ, ಆಟೋದವರಿಗೆ ಹೋಗುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೇ ಉತ್ತರ ತಂಪು ಮತ್ತು ಮಂಜು. ನಂದಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬೆಂಗಳೂರು 900 ಮೀಟರಿನ ಆಸುಪಾಸಿನಲ್ಲಿದೆ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಹಾಗಾಗಿ ಬೆಟ್ಟದ ಮೇಲೆ ಊರಿಗಿಂತ ಮೂರೂವರೆ ಡಿಗ್ರಿಯಷ್ಟು ಕಡಿಮೆ. ಇನ್ನು ಮಂಜು. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ, ಹೊಲ, ಮಣ್ಣು ಎಲ್ಲ ತೇವವಾಗಿರುತ್ತವೆ. ಆಕಾಶ ತಿಳಿಯಾಗಿರುವ ರಾತ್ರಿ ನೆಲ ಬೇಗ ತಣ್ಣಗಾಗಿ, ಆ ತೇವ ತಗ್ಗಿನಲ್ಲಿ ಮಂಜಾಗಿ ಕೂರುತ್ತದೆ. ಬೆಟ್ಟದ ತಲೆ ಅದರ ಮೇಲೆ ಎದ್ದಿರುತ್ತದೆ. ಹತ್ತಿದವರಿಗೆ ಕಾಲಡಿ ಮೋಡದ ಸಮುದ್ರ ಕಾಣುತ್ತದೆ. ಆ ಸಮುದ್ರದ ತಳದಲ್ಲಿ ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟುತ್ತಿರುವವರು ನಾವು.

ಈ ತಂಪಿಗೆ ಆಸೆಪಟ್ಟವರಲ್ಲಿ ಇವರೇ ಮೊದಲಿಗರಲ್ಲ. ಟಿಪ್ಪು ಸುಲ್ತಾನನಿಗೆ ಇಲ್ಲಿ ಬೇಸಿಗೆಯ ಮನೆ ಇತ್ತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆ ಹಿಡಿಯಿತು. ಆಮೇಲೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ಇಲ್ಲಿ ಬಂಗಲೆ ಮಾಡಿಕೊಂಡ. 1927ರಲ್ಲಿ ಗಾಂಧೀಜಿಯವರ ಆರೋಗ್ಯ ಕೆಟ್ಟಾಗ ವೈದ್ಯರ ಸಲಹೆಯಂತೆ ಸುಮಾರು ಒಂದೂವರೆ ತಿಂಗಳು ಇಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ನೆರೆ ದೇಶಗಳ ನಾಯಕರನ್ನು ಇದೇ ಬೆಟ್ಟಕ್ಕೆ ಕರೆತಂದರು. 2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟವೇ ಇಲ್ಲಿ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡುವ ತೀರ್ಮಾನ ಮಾಡಿತು. ಸುಲ್ತಾನನಿಂದ ಸಾಫ್ಟ್‌ವೇರ್ ಹುಡುಗನವರೆಗೆ ಬಂದವರೆಲ್ಲ ಹುಡುಕಿದ್ದು ಒಂದನ್ನೇ. ಊರಿನ ಗದ್ದಲದಿಂದ ಸ್ವಲ್ಪ ಮೇಲೆ, ಸ್ವಲ್ಪ ತಣ್ಣಗೆ, ಆದರೆ ಬೇಕಾದಾಗ ವಾಪಸ್ ಹೋಗುವಷ್ಟು ಹತ್ತಿರ.

ಮೂರನೇ ಉತ್ತರ ನನಗೆ ಹೊಸದು. ರಿಸಾರ್ಟಿನಿಂದ ಹೊರಗೆ ವಾಕಿಂಗ್ ಬಂದಿದ್ದ ಗಂಡ ಹೆಂಡತಿಯನ್ನು ಕೇಳಿದೆ: "ಇಲ್ಲಿ ಏನು ಇಷ್ಟ ಆಯ್ತು?" ಆಕೆ ಒಂದು ಕ್ಷಣ ಯೋಚಿಸಿ, "ಏನೂ ಇಲ್ವಲ್ಲ, ಅದೇ" ಎಂದರು. ಹಾರ್ನ್ ಇಲ್ಲ. ಪಕ್ಕದ ಸೈಟಿನಲ್ಲಿ ಕಲ್ಲು ಕೊಯ್ಯುವ ಮೆಷಿನ್ನಿನ ಶಬ್ದ ಇಲ್ಲ. ರಾತ್ರಿ ಕತ್ತಲೆ ಕತ್ತಲೆಯಾಗಿಯೇ ಇದೆ, ನಕ್ಷತ್ರ ಕಾಣುತ್ತವೆ. ಬೆಳಿಗ್ಗೆ ಕೋಳಿ ಕೂಗು ಕೇಳಿ ಮಗಳು ಎದ್ದಳಂತೆ. ಅವಳು ಅದನ್ನು ಫೋನಿನ ಅಲಾರಂ ಎಂದುಕೊಂಡಿದ್ದಳಂತೆ. ನಮ್ಮ ಹುಡುಗರು "ಊರಲ್ಲಿ ಏನಿದೆ ಅಂತ ಇರೋದು" ಎಂದು ಬಸ್ಸು ಹತ್ತಿ ಯಲಹಂಕಕ್ಕೆ, ಯಶವಂತಪುರಕ್ಕೆ ಹೋಗುತ್ತಾರೆ. ಅಲ್ಲಿನವರು ಏನೂ ಇಲ್ಲದ್ದನ್ನು ದುಡ್ಡು ಕೊಟ್ಟು ಕೊಳ್ಳಲು ಇಲ್ಲಿಗೆ ಬರುತ್ತಾರೆ.

ನಾಲ್ಕನೆಯದನ್ನು ಹೇಳಿದವರು ಆರ್.ಟಿ. ನಗರದಿಂದ ಅತ್ತೆ, ನಾದಿನಿ, ಮಕ್ಕಳ ಜೊತೆ ಬಂದಿದ್ದ ಒಬ್ಬ ತಾಯಿ. "ಬೆಟ್ಟ, ಮಂಜು ಎಲ್ಲ ಆಮೇಲೆ ಸರ್. ಹೆಣ್ಣುಮಕ್ಕಳನ್ನ ಕರ್ಕೊಂಡು ಹೊರಟ್ರೆ ಮೊದಲು ನೋಡೋದು ಕ್ಲೀನಾಗಿರೋ ಟಾಯ್ಲೆಟ್ ಎಲ್ಲಿದೆ ಅಂತ. ಎರಡನೇದು, ಕತ್ತಲಾದ ಮೇಲೆ ಯಾರೂ ರೇಗಿಸದೇ ಇರೋ ಜಾಗ. ಅದಕ್ಕೇ ರಿಸಾರ್ಟಿಗೆ ದುಡ್ಡು ಕೊಡ್ತೀವಿ." ಇದನ್ನು ಯಾವ ಜಾಹೀರಾತೂ ಇಷ್ಟು ನೇರವಾಗಿ ಹೇಳುವುದಿಲ್ಲ. ಪೋಸ್ಟರಿನಲ್ಲಿ ಈಜುಕೊಳ ಇರುತ್ತದೆ, ಬಚ್ಚಲು ಇರುವುದಿಲ್ಲ. ಆದರೆ ಕುಟುಂಬ ಸಮೇತ ಬರುವವರನ್ನು ನಿಲ್ಲಿಸಿಕೊಳ್ಳುವುದು ಬಚ್ಚಲು, ದೀಪ, ಗೇಟು, ಕುಡಿಯುವ ನೀರು.

ಐದನೆಯದು ಊಟ. ಒಬ್ಬ ಹಿರಿಯರು ನಗುತ್ತಾ ಹೇಳಿದರು: "ಒಳಗೆ ಬಫೆ ಇದೆಯಪ್ಪಾ, ಪನ್ನೀರ್ ಇದೆ, ನೂಡಲ್ಸ್ ಇದೆ. ನಾನು ಕೇಳಿದ್ದು ಮುದ್ದೆ, ಅವರೆಕಾಳು ಸಾರು. ಹೊರಗೆ ಸಿಗುತ್ತಾ ಅಂತ ಹುಡುಕ್ತಿದೀನಿ." ಅವರೆ ಸೊಗಡಿನ ಕಾಲದಲ್ಲಿ ನಮ್ಮ ಮನೆ ಮನೆಯಲ್ಲಿ ಬೇಯುವ ಸಾರು ಅವರಿಗೆ ಹುಡುಕುವ ವಸ್ತು. ಬಸ್ಸಾರು, ನಾಟಿಕೋಳಿ ಸಾರು, ಹುರಿಗಾಳು, ದೇವನಹಳ್ಳಿಯ ಚಕ್ಕೋತ ಹಣ್ಣು, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ. ಚಕ್ಕೋತಕ್ಕೂ ದ್ರಾಕ್ಷಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಇಂಥ ನೆಲದ ಹೆಸರು ಹೊತ್ತ ಹಣ್ಣು ಎಂದು ಸರ್ಕಾರವೇ ಒಪ್ಪಿದೆ. ಆದರೂ ಗೇಟಿನ ಒಳಗಿನ ತಟ್ಟೆಗೆ ಅವು ಬರುವುದು ಅಪರೂಪ.

ಇಷ್ಟನ್ನು ಬರೆದುಕೊಂಡು ಅಣ್ಣನ ಮನೆಯ ಜಗಲಿಯಲ್ಲಿ ಕೂತು ಒಂದು ಲೆಕ್ಕ ಮಾಡಿದೆವು. ಅತ್ತಿಗೆ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದರು. ಪಟ್ಟಿಯಲ್ಲಿ ಇರುವುದನ್ನು ಯಾರು ಮಾಡಿದ್ದು ಎಂದು ಎದುರಿಗೆ ಬರೆದೆವು. ರಸ್ತೆ, ಸರ್ಕಾರದ್ದು. ತಂಪು, ಮಂಜು, ಬೆಟ್ಟ, ಯಾರದ್ದೂ ಅಲ್ಲ. ಬೆಟ್ಟದ ತೋಟಗಳನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ದೇವಸ್ಥಾನ ಒಂಬತ್ತನೇ ಶತಮಾನದಷ್ಟು ಹಳೆಯದು. ಮೌನ, ಕತ್ತಲೆ, ಕೋಳಿ ಕೂಗು ಊರಿನದು. ಹಸಿರು, ಸುತ್ತಲಿನ ರೈತರದು. ರಿಸಾರ್ಟಿನವರು ಮಾಡುವುದು ಕೋಣೆ, ಬಚ್ಚಲು, ಗೇಟು, ಕೊಳ. ಅವು ಸಣ್ಣ ವಿಷಯವಲ್ಲ, ಅದಕ್ಕೆ ದುಡ್ಡು ಬೇಕು, ಅನುಭವ ಬೇಕು. ಆದರೆ ಗಿರಾಕಿ ದುಡ್ಡು ಕೊಡುವ ವಸ್ತುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರದಲ್ಲ.

ಅತ್ತಿಗೆ ತಲೆ ಎತ್ತದೆ ಹೇಳಿದರು: "ಹಂಗಾದ್ರೆ ನಮ್ಮ ಮಂಜನ್ನ ನಮಗೇ ಗೇಟು ಹಾಕಿ ಮಾರ್ತಾರೆ."

ಆ ಮಾತು ಬೇರೆ ಕಡೆ ಯೋಚನೆ ಹಚ್ಚಿತು. ಗಿರಾಕಿ ಬರುವುದು ಹಸಿರು ನೋಡಿ, ನೀರು ನೋಡಿ, ಮೌನ ಕೇಳಿ. ಹದಿನೈದು ಕಾಟೇಜು ಬಂದ ಮೇಲೆ ಆ ಹಸಿರು, ನೀರು, ಮೌನ ಎಷ್ಟು ಉಳಿಯುತ್ತವೆ?

ನೀರಿನಿಂದ ಶುರು ಮಾಡೋಣ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಿಗೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಅರ್ಕಾವತಿ, ಪಿನಾಕಿನಿ, ಚಿತ್ರಾವತಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹುಟ್ಟಿದ ಊರಿನಲ್ಲಿ ಅವು ಮಳೆ ಬಂದಾಗ ಮಾತ್ರ ಕಾಣುತ್ತವೆ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಈಗ ನಮ್ಮ ಕೆರೆಗಳಲ್ಲಿ ಕಾಣುವ ನೀರು ಬಹುಪಾಲು ಬೆಂಗಳೂರಿನ ಮನೆಗಳಲ್ಲಿ ಬಳಸಿ, ಶುದ್ಧೀಕರಿಸಿ ಕಳಿಸಿದ್ದು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ನಾವು ಎಚ್‌ಎನ್ ವ್ಯಾಲಿ ಎನ್ನುತ್ತೇವಲ್ಲ, ಅದರ ಲೆಕ್ಕ ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆ. ಕೋಲಾರದ ಕಡೆಗೆ ಕೆಸಿ ವ್ಯಾಲಿ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಇಲ್ಲಿನ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ.

ಇದರಲ್ಲಿ ಒಂದು ವಿಚಿತ್ರ ಇದೆ. ಹೆಬ್ಬಾಳದ ಕಡೆಯ ಫ್ಲ್ಯಾಟಿನಲ್ಲಿ ಸೋಮವಾರ ಬಚ್ಚಲಿಗೆ ಹೋದ ನೀರು ಪೈಪು ಹಿಡಿದು ನಮ್ಮ ಕೆರೆಗೆ ಬರುತ್ತದೆ. ಭಾನುವಾರ ಅದೇ ಫ್ಲ್ಯಾಟಿನವರು ಬಂದು, 'ಲೇಕ್ ವ್ಯೂ' ಕೋಣೆಗೆ ಹೆಚ್ಚು ದುಡ್ಡು ಕೊಟ್ಟು, ಸಂಜೆ ಬೆಳಕಿನಲ್ಲಿ ಮಿನುಗುವ ಅದೇ ನೀರನ್ನು ನೋಡುತ್ತಾ ಕಾಫಿ ಕುಡಿಯುತ್ತಾರೆ. ನಗು ಬರುತ್ತದೆ. ಆದರೆ ಆ ನೀರು ಇಂಗಿ ಅಂತರ್ಜಲ ಏರಲಿ ಎಂದು ಯೋಜನೆ ಮಾಡಿದ್ದು. ಇಂಗಿದ್ದನ್ನು ಮತ್ತೆ ಮೇಲೆತ್ತುವವರು ಯಾರು, ಎಷ್ಟು ಎಂಬುದು ನಗುವ ವಿಷಯವಲ್ಲ.

ಒಂದು ಸಾಧಾರಣ ಈಜುಕೊಳ 20 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಎಂದು ಹಿಡಿಯಿರಿ. 3 ಲಕ್ಷ ಲೀಟರ್ ಆಯಿತು. ಆರು ಸಾವಿರ ಲೀಟರಿನ ಟ್ಯಾಂಕರ್ ಐವತ್ತು. ಒಂದು ಸೀಮೆಹಸು ದಿನಕ್ಕೆ 60 ಲೀಟರ್ ಕುಡಿಯುತ್ತದೆ ಎಂದುಕೊಂಡರೆ, ಹತ್ತು ಹಸುಗಳಿಗೆ ಐನೂರು ದಿನ ಸಾಕಾಗುವ ನೀರು. ಕೊಳ ಒಂದು ಸಲ ತುಂಬಿದರೆ ಮುಗಿಯುವುದಿಲ್ಲ, ಬಿಸಿಲಿಗೆ ದಿನಾ ಆವಿಯಾಗುತ್ತದೆ, ತೊಳೆಯಬೇಕು. ಅದರ ಮೇಲೆ ಹಾಸಿಗೆ ಬಟ್ಟೆ ಒಗೆಯಲು, ಹುಲ್ಲುಹಾಸಿಗೆ, ಸ್ನಾನಕ್ಕೆ. ದ್ರಾಕ್ಷಿಯೂ ನೀರು ಕುಡಿಯುತ್ತದೆ ನಿಜ, ಆದರೆ ಡ್ರಿಪ್‌ನಲ್ಲಿ ಎಷ್ಟು ಬಿಡುತ್ತೇವೆ ಎಂಬುದು ಅಣ್ಣನಿಗೆ ಗೊತ್ತು. ಪಕ್ಕದ ಕೊಳಕ್ಕೆ ಎಷ್ಟು ಹೋಗುತ್ತದೆ ಎಂಬುದು ಬೋರ್ ಬತ್ತಿದ ದಿನ ಮಾತ್ರ ಗೊತ್ತಾಗುತ್ತದೆ.

ಇನ್ನು ಜಮೀನು. ನಮ್ಮಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಭೂಸುಧಾರಣಾ ಕಾಯ್ದೆ ತಡೆಯುತ್ತದೆ. ಆದ್ದರಿಂದ ರಿಸಾರ್ಟ್ ಆಗಬೇಕೆಂದರೆ ಮೊದಲು ಭೂ ಪರಿವರ್ತನೆ ಆಗಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಆದೇಶ ಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ಆದರೆ ನೋಂದಣಿ ಕಡ್ಡಾಯ, ಬರೀ ಛಾಪಾ ಕಾಗದ ಸಾಲದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗುವಂತಿಲ್ಲ. ಇವು ಗೊತ್ತಿರಬೇಕಾದ ಮಾತು. ಆದರೆ ಕಾಗದದಲ್ಲಿ ಬರೆಯದ ಇನ್ನೊಂದು ಮಾತಿದೆ. ಲೀಸ್ ಮುಗಿದು ಜಮೀನು ವಾಪಸ್ ಬಂದಾಗ ಅದು ತೋಟವಾಗಿ ಬರುವುದಿಲ್ಲ. ಕಾಂಕ್ರೀಟಿನ ತಳಪಾಯ, ಒಡೆದ ಕೊಳ, ಗಟ್ಟಿಯಾದ ಮಣ್ಣು ಆಗಿ ಬರುತ್ತದೆ. ಅಷ್ಟು ಹೊತ್ತಿಗೆ ದ್ರಾಕ್ಷಿ ಕೈ ಕಂಡವರೂ ಇರುವುದಿಲ್ಲ. ಅಣ್ಣನ ಮಗನಿಗೆ ಈಗ ಹನ್ನೊಂದು ವರ್ಷ.

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಏರೋಸ್ಪೇಸ್ ಪಾರ್ಕಿಗೆ ಜಮೀನು ಕೊಡುವುದಿಲ್ಲ ಎಂದು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಹೇಳಿದರು. ಸರ್ಕಾರ ಕೇಳಿದಾಗ ಸಾವಿರ ದಿನ ಯೋಚಿಸುವ ನಾವು, ರಿಸಾರ್ಟಿನವರು ಕೇಳಿದಾಗ ಒಂದು ಟೀ ಮುಗಿಯುವಷ್ಟರಲ್ಲಿ ಹೂಂ ಎನ್ನುತ್ತೇವೆ. ಎರಡರಲ್ಲೂ ಹೋಗುವುದು ಅದೇ ಮಣ್ಣು.

ಹಾಗೆಂದು ರಿಸಾರ್ಟ್ ಎಂದರೆ ಕೆಟ್ಟದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಬೀದಿಯ ಒಬ್ಬ ಅಕ್ಕ ಹತ್ತಿರದ ರಿಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾರೆ. ಅವರ ಮಾತು ಕೇಳಿ: "ನಿಂಗೇನು ಬರೆದು ಹಾಕ್ತೀಯ. ದ್ರಾಕ್ಷಿ ಕುಯ್ಯೋಕೆ ಹೋದ್ರೆ ಸೀಸನ್ನಿಗೆ ಮಾತ್ರ ಕೂಲಿ. ಇಲ್ಲಿ ತಿಂಗಳಾದ್ರೆ ಸಂಬಳ. ಮಗಳ ಫೀಸ್ ಅದರಲ್ಲೇ ಕಟ್ಟಿದ್ದು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕೊರೊನಾ ಕಾಲದಲ್ಲಿ ಕೊಳ್ಳುವವರಿಲ್ಲದೆ ದ್ರಾಕ್ಷಿ ಬಳ್ಳಿಯಲ್ಲೇ ಒಣಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಕೃಷಿ ಒಂದೇ ನೆಚ್ಚಿಕೊಂಡವರ ಪಾಡು ಗೊತ್ತಿದೆ.

ಅದೇ ಅಕ್ಕ ಇನ್ನೊಂದು ಮಾತೂ ಹೇಳಿದರು. ಮುಂದಿನ ಟೇಬಲ್ಲಿನಲ್ಲಿ ಕೂರುವವರು ಹೊರಗಿನವರು, ಅಡುಗೆಯವರು ಹೊರಗಿನವರು. ಊರಿನವರಿಗೆ ಕಸ, ಬಟ್ಟೆ, ಗಿಡ, ರಾತ್ರಿ ಕಾವಲು. "ಇಂಗ್ಲಿಷ್ ಬರಲ್ಲ ಅಂತಾರೆ. ಬಂದೋರಲ್ಲಿ ಅರ್ಧ ಜನ ನನ್ನ ಹತ್ರ ಕನ್ನಡದಲ್ಲೇ ಮಾತಾಡ್ತಾರೆ."

ಪ್ರವಾಸಿಗರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನೂ ಬೆಟ್ಟ ತೋರಿಸಿದೆ. 2021ರಲ್ಲಿ ಕೊರೊನಾ ನಡುವೆ ಜನ ಮುಗಿಬಿದ್ದಾಗ ವಾರಾಂತ್ಯ ಬೆಟ್ಟ ಮುಚ್ಚಿದರು. ಆ ವರ್ಷದ ಆಗಸ್ಟಿನಲ್ಲಿ ಜೋರು ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಯಿತು. ಮತ್ತೆ ತೆಗೆಯಲು ತಿಂಗಳುಗಳೇ ಹಿಡಿದವು. ಜೋಳ ಸುಡುವವರು, ಚುರುಮುರಿ ಮಾರುವವರು, ಆಟೋದವರು ಕೂಲಿ ಹುಡುಕಿಕೊಂಡು ಹೋದರು. ಈಗ ರೋಪ್‌ವೇ ಮಾತು ನಡೆದಿದೆ. 2023ರ ಮಾರ್ಚಿನಲ್ಲಿ ಶಂಕುಸ್ಥಾಪನೆಯೂ ಆಯಿತು. ಅದೇ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ ಅನಾವರಣವಾಗಿ, ವಾರಾಂತ್ಯದ ಗಾಡಿಗಳು ದುಪ್ಪಟ್ಟಾದಂತೆ ಅನಿಸುತ್ತದೆ. "ಏನೂ ಇಲ್ವಲ್ಲ, ಅದೇ ಇಷ್ಟ" ಎಂದ ಆ ಹೆಣ್ಣುಮಗಳು ಭಾನುವಾರ ಹತ್ತು ಗಂಟೆಗೆ ಬೆಟ್ಟದ ತಿರುವಿನಲ್ಲಿ ಟ್ರಾಫಿಕ್ ಜಾಮಿನಲ್ಲಿ ಕೂತರೆ, ಮುಂದಿನ ಸಲ ಇನ್ನೂ ದೂರದ ಊರು ಹುಡುಕುತ್ತಾರೆ. ಗಿರಾಕಿಗೆ ಬೇರೆ ಊರು ಸಿಗುತ್ತದೆ. ನಮಗೆ ಸಿಗುವುದಿಲ್ಲ.

ದಾರಿ ಎರಡೇ ಅಲ್ಲ ಎಂಬುದಕ್ಕೆ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ದೊಡ್ಡಬಳ್ಳಾಪುರದ ರಘುನಾಥಪುರದ ಹತ್ತಿರ ಗ್ರೋವರ್ ಅವರ ದ್ರಾಕ್ಷಿ ತೋಟಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರೆ. ವೈನ್ ಮಾಡುವುದನ್ನು ನೋಡುತ್ತಾರೆ, ತೋಟದಲ್ಲಿ ನಡೆಯುತ್ತಾರೆ. ಅದು ದೊಡ್ಡ ಬಂಡವಾಳದ ಕಂಪನಿ, ವೈನ್ ಬೇಕೋ ಬೇಡವೋ ಎಂಬುದೂ ಬೇರೆ ಮಾತು. ನಾನು ಹೇಳುವುದು ಇಷ್ಟೇ: ಅಲ್ಲಿ ಬಳ್ಳಿ ಇದ್ದರೇ ಗಿರಾಕಿ. ಬಳ್ಳಿ ಕಿತ್ತು ಕಾಟೇಜು ಕಟ್ಟಿ, ಅದಕ್ಕೆ ದ್ರಾಕ್ಷಿಯ ಹೆಸರಿಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಾಲ್ಕು ಮನೆಯವರು ಸೇರಿ ಎರಡೆರಡು ಕೋಣೆ, ಒಳ್ಳೆಯ ಬಚ್ಚಲು ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಿಕೊಂಡರೆ ಆರ್.ಟಿ. ನಗರದ ಆ ತಾಯಿ ಬರುತ್ತಾರೋ ಇಲ್ಲವೋ, ಪ್ರಯತ್ನ ಮಾಡಿ ನೋಡಬಹುದು. ಅವರು ಕೇಳಿದ ಎರಡನ್ನೂ, ಅಂದರೆ ಕ್ಲೀನ್ ಟಾಯ್ಲೆಟ್ಟು ಮತ್ತು ಭಯವಿಲ್ಲದ ರಾತ್ರಿಯನ್ನು, ಊರು ಮನಸ್ಸು ಮಾಡಿದರೆ ಕೊಡಬಲ್ಲದು. ಎರಡನೆಯದಕ್ಕೆ ನಮ್ಮ ಹುಡುಗರ ಬಾಯಿಗೂ ಸ್ವಲ್ಪ ಬೇಲಿ ಬೇಕು.

ಕೊನೆಗೆ ಅಣ್ಣ ಸಿಟಿಯವರ ಮುಂದೆ ಮೂರು ಮಾತು ಇಟ್ಟ. ಒಂದು, ಅರ್ಧ ಎಕರೆ ಮಾತ್ರ ಕಟ್ಟಡಕ್ಕೆ, ಉಳಿದದ್ದು ತೋಟವಾಗಿಯೇ ಇರಬೇಕು, ಬೇಸಾಯ ನಾನೇ ಮಾಡುತ್ತೇನೆ. ಎರಡು, ಊರಿನ ಹೆಣ್ಣುಮಕ್ಕಳು ಅಡುಗೆಮನೆಗೂ ಬರಬೇಕು, ಬರೀ ಕಸಕ್ಕಲ್ಲ. ಮೂರು, ಈಜುಕೊಳ ಬೇಡ. ಬೋರಿಗೆ ಮೀಟರ್ ಹಾಕಬೇಕು, ತಿಂಗಳಿಗೊಮ್ಮೆ ಲೆಕ್ಕವನ್ನು ಪಂಚಾಯ್ತಿಯಲ್ಲಿ ಇಡಬೇಕು, ಬಳಸಿದ ನೀರನ್ನು ಶುದ್ಧ ಮಾಡಿ ಗಿಡಕ್ಕೇ ಬಿಡಬೇಕು.

ಮೊದಲನೆಯದಕ್ಕೆ ಅವರು ಚೌಕಾಸಿ ಮಾಡಿದರು. ಒಂದು ಎಕರೆ ಎಂದರು. ಎರಡನೆಯದಕ್ಕೆ ಆಗಲಿ ಎಂದರು. ಮೂರನೆಯದು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪೂಲ್ ಇಲ್ದೆ ಬುಕಿಂಗ್ ಬರಲ್ಲ ಸಾರ್" ಎಂದರು. ನಾನು ನಾಲ್ಕು ಭಾನುವಾರ ಮಾತಾಡಿಸಿದವರ ಪಟ್ಟಿ ತೆಗೆದು ತೋರಿಸಿದೆ. ದೊಡ್ಡವರು ಯಾರೂ ಕೊಳದ ಹೆಸರು ಎತ್ತಿರಲಿಲ್ಲ, ಇಬ್ಬರು ಮಕ್ಕಳನ್ನು ಬಿಟ್ಟು. "ಮಕ್ಕಳು ಹೇಳಿದ ಕಡೆಗೇ ಅಪ್ಪ ಅಮ್ಮ ಬರೋದು" ಎಂದರು ಅವರು. ಆ ಮಾತಿನಲ್ಲೂ ಸತ್ಯ ಇದೆ, ಒಪ್ಪಬೇಕು. ಯೋಚಿಸಿ ಫೋನ್ ಮಾಡುತ್ತೇವೆ ಎಂದು ಹೋದರು. ಇನ್ನೂ ಮಾಡಿಲ್ಲ.

ನಡುವೆ ಚಾಟನಿ ಹೊತ್ತು ಬಂತು. ದ್ರಾಕ್ಷಿ ಬೆಳೆಯುವವರಿಗೆ ಗೊತ್ತು, ಬೆಂಗಳೂರು ಬ್ಲೂಗೆ ವರ್ಷಕ್ಕೆ ಎರಡು ಸಲ ಕತ್ತರಿ. ಕಂಪನಿಯವರ ಫೋನಿಗೆ ಕಾದರೆ ಒಂದು ಬೆಳೆ ಹೋಗುತ್ತದೆ. ಅಣ್ಣ ಕಾಯಲಿಲ್ಲ, ಆಳು ಕರೆದು ಎರಡು ಎಕರೆಯನ್ನೂ ಕತ್ತರಿಸಿದ. ಇನ್ನು ನಾಲ್ಕೈದು ತಿಂಗಳಿಗೆ ಹಣ್ಣು. ಅಲ್ಲಿಯವರೆಗೆ ಯಾರು ಬಂದರೂ ಜಮೀನಿನ ಮಾತಿಲ್ಲ ಎಂದಿದ್ದಾನೆ. ಅತ್ತಿಗೆ ಮಾತ್ರ ಸುಮ್ಮನೆ ಕೂತಿಲ್ಲ. ಹೋದ ಎರಡು ಭಾನುವಾರ ರಸ್ತೆಯ ಪಕ್ಕದ ನಮ್ಮ ಶೆಡ್ಡಿನಲ್ಲಿ ಮುದ್ದೆ, ಅವರೆಕಾಳು ಸಾರು ಮಾಡಿಟ್ಟರು. ಮೊದಲ ವಾರ ಹನ್ನೊಂದು ಊಟ, ಎರಡನೇ ವಾರ ಇಪ್ಪತ್ತಾರು. ಇದರಿಂದ ಸಾಲ ತೀರುವುದಿಲ್ಲ. ಆದರೆ ಊಟ ಮಾಡಿದವರಲ್ಲಿ ಇಬ್ಬರು ಕೈ ತೊಳೆದು, "ಬಾತ್‌ರೂಮ್ ಎಲ್ಲಿದೆ ಅಕ್ಕಾ?" ಎಂದು ಕೇಳಿದರಂತೆ. ಈಗ ಶೆಡ್ಡಿನ ಹಿಂದೆ ಗುಂಡಿ ತೋಡಿಸುತ್ತಿದ್ದಾರೆ.

ನಿಮ್ಮ ಊರಿಗೂ ಯಾರಾದರೂ ಜಮೀನು ಕೇಳಿಕೊಂಡು ಬಂದರೆ ಎಕರೆಗೆ ಎಷ್ಟು ಎಂದು ಕೇಳುವ ಮೊದಲು ಇದೊಂದು ಕೇಳಿ: "ಇಲ್ಲಿ ಏನಿದೆ ಅಂತ ಜನ ಬರ್ತಾರೆ?" ಅವರು ಹೇಳುವ ಪಟ್ಟಿಯನ್ನು ಬರೆದುಕೊಳ್ಳಿ. ಅದರಲ್ಲಿ ಎಷ್ಟು ಅವರದು, ಎಷ್ಟು ನಿಮ್ಮದು, ಎಷ್ಟು ಊರಿನದು ಎಂದು ಎದುರಿಗೆ ಗುರುತು ಹಾಕಿ. ಆಮೇಲೆ ಅವರ ಕಾಟೇಜು ಎದ್ದ ಹತ್ತು ವರ್ಷಕ್ಕೆ ಆ ಪಟ್ಟಿಯಲ್ಲಿ ಯಾವುದು ಉಳಿದಿರುತ್ತದೆ ಎಂದು ಮನೆಯವರೆಲ್ಲ, ಹೆಂಗಸರೂ ಕೂತು ಮಾತಾಡಿ. ಹೂಂ ಎನ್ನುವುದಾದರೂ, ಬೇಡ ಎನ್ನುವುದಾದರೂ ಅದಾದ ಮೇಲೆ ಹೇಳಿ.